ಪದಚರ್ಚೆ: ಕಲ್ಲಿನ ಟೈಲ್ಸಿಗೆ ತೂತು ‘ಹೊಡೆಯುವುದೋ’, ‘ಕೊರೆಯುವುದೋ’? (ಸಂಜೆಯೊಳಗೆ ಬೇಕು)

ಕುಶಾಲನಗರದಿಂದ:
ನಮ್ಮದು ಟೈಲ್ಸ್ ಕಟರ್, ಡ್ರಿಲ್ಲಿಂಗ್ ಮೆಷೀನ್ ಬಾಡಿಗೆಗೆ ಕೊಡುವ ಅಂಗಡಿ. ಮಳೆ ಬಿಟ್ಟ ಮೇಲೆ ಹೋಂಸ್ಟೇಗಳ ಬಾತ್‌ರೂಮ್ ಕೆಲಸ ಜಾಸ್ತಿ. ಗ್ರಾನೈಟ್, ಮಾರ್ಬಲ್, ಕಡಪ ಕಲ್ಲು, ಎಲ್ಲದಕ್ಕೂ ಇವೇ ಮೆಷೀನ್ ಹೋಗುತ್ತವೆ. ಗೋಡೆಗೆ ಒಂದು ಸೂಚನೆ ಬೋರ್ಡ್ ಬರೆಸಬೇಕು. ಯಾರೋ ಅನುವಾದ ಮಾಡಿಕೊಟ್ಟದ್ದರಲ್ಲಿ ‘ಆರ್ದ್ರ ಛೇದನ’, ‘ರಂಧ್ರೀಕರಣ’ ಅಂತಿದೆ. ಓದಿದರೆ ಆಪರೇಷನ್ ಥಿಯೇಟರ್ ನೆನಪಾಗುತ್ತದೆ. ಗಾರೆಯವರಿಗೆ ತಿಳಿಯುವ ಮಾತು ಹೇಳಿ. ಪೇಂಟರ್ ಸಂಜೆ ಬರುತ್ತಾನೆ.

ಮೈಸೂರಿನಿಂದ:
ಮೊದಲು ‘ಟೈಲ್ಸ್’ ತೆಗೆಯಿರಿ. ‘ಬಿಲ್ಲೆ’ ಇದೆ. ಕೊಯ್ಯಿರಿ, ಕೊರೆಯಿರಿ. ಮುಗೀತು.

ಧಾರವಾಡದಿಂದ:
ಬಿಲ್ಲೆ ಅಂದರೆ ದುಂಡಗಿರಬೇಕು. ಸರಿಯಾದ ಪದ ಹಂಚು. ಹಳೆಯ ರೂಪ ಪಂಚು. ಪಕಾರ ಹಕಾರವಾಗಿ ಹಂಚು, ನಿಮ್ಮ ಕಡೆ ಹೆಂಚು. ನಾವು ರೊಟ್ಟಿ ಬೇಯಿಸುವುದೂ ಹಂಚಿನ ಮೇಲೇ.

ಮೈಸೂರಿನಿಂದ:
ಬೆಂಕಿ ಕಾಣದ ಕಲ್ಲಿಗೆ ಹಂಚು? ಸುಮ್ನೆ ಏನೋ ಹೇಳಬೇಡಿ.

ವಿರಾಜಪೇಟೆಯಿಂದ:
ಹೆಂಚು ಅಂದರೆ ಇಲ್ಲಿನವರು ಏಣಿ ತಗೊಂಡು ಮಾಡು ಹತ್ತುತ್ತಾರೆ. ಟೈಲ್ಸ್ ಇರಲಿ ಬಿಡಿ. ತೊಡಕಿರೋದು ಕ್ರಿಯಾಪದದಲ್ಲಿ. ಎಲ್ಲರೂ ‘ತೂತು ಹೊಡಿ’ ಅಂತಾರೆ. ಮೆಷೀನನ್ನು ಹ್ಯಾಮರ್‌ಗೆ, ಅಂದರೆ ಗುದ್ದುತ್ತಾ ತಿರುಗುವ ಹಾಗೆ, ಹಾಕಿ ಹೊಡೆದರೆ ಕಲ್ಲು ಸೀಳುತ್ತದೆ. ನಲ್ಲಿ ಪೈಪಿಗೆ ತೂತು ಬೇಕಾದರೆ ಮೆಷೀನಿನ ಮೂತಿಗೆ ಒಳಗೆ ಟೊಳ್ಳಿರುವ, ಅಂಚಿಗೆ ವಜ್ರದ ಹರಳು ಕೂರಿಸಿದ ಡೈಮಂಡ್ ಬಿಟ್ ಹಾಕಬೇಕು. ಪಾಲಿಶ್ ಮೇಲೆ ನೆಟ್ಟಗಿಟ್ಟರೆ ಜಾರುತ್ತದೆ. ಮೊದಲು ಓರೆಯಾಗಿ ಹಿಡಿದು ಅರ್ಧಚಂದ್ರದ ಗೀರು ಬೀಳಿಸಿ, ಆಮೇಲೆ ಮೆಲ್ಲಗೆ ನೆಟ್ಟಗೆ ಮಾಡಬೇಕು. ಸ್ಪೀಡ್ ಕಡಿಮೆ, ನೀರು ಬೀಳ್ತಾನೇ ಇರಬೇಕು. ಆ ಬಿಟ್ಟಿಗೆ ಹಲ್ಲಿಲ್ಲ, ಗಂಧ ತೇಯುವ ಹಾಗೆ ಕಲ್ಲನ್ನು ತೇಯುತ್ತದೆ. ಅದಕ್ಕೇ ‘ಕೊರೆಯಿರಿ’ ಅಂತ ಬರೆಸಿ. ಕಟರಿಗೂ ನೀರು ಬೇಕು, ಬರೀ ಬ್ಲೇಡ್ ತಣ್ಣಗಿರಲಿ ಅಂತ ಅಲ್ಲ, ದೂಳು ಏಳದಿರಲಿ ಅಂತಲೂ. ಗ್ರಾನೈಟಿನ ದೂಳಿನಲ್ಲಿ ಸಿಲಿಕಾ ಇರುತ್ತದೆ. ಅದು ಉಸಿರಿನ ಜೊತೆ ಒಳಗೆ ಹೋಗಿ ಶ್ವಾಸಕೋಶ ಕೆಟ್ಟರೆ ಮತ್ತೆ ಸರಿಹೋಗಲ್ಲ.

ಸೋಮವಾರಪೇಟೆಯಿಂದ:
‘ಹೊಡೆ’ ಅಂದರೆ ಬಡಿ ಅಂತ ಯಾರು ಹೇಳಿದ್ದು? ತೋಟಕ್ಕೆ ಬೋರ್ಡೋ ಔಷಧಿ ಹೊಡೆಯುತ್ತೇವೆ, ಅಂದರೆ ಸಿಂಪಡಿಸುತ್ತೇವೆ. ಯಾರೂ ಕಾಫಿ ಗಿಡಕ್ಕೆ ಬಡಿಗೆ ತಗೊಂಡು ಹೋಗಲ್ಲ.

ಮೈಸೂರಿನಿಂದ:
ತೋಟದ ಮಾತು ತೋಟದಲ್ಲಿರಲಿ. ಹೀಗೆ ಬಿಟ್ಟುಕೊಟ್ಟೇ ‘ಬಚ್ಚಲು’ ಹೋಗಿ ಬಾತ್‌ರೂಮ್ ಬಂದದ್ದು.

ಮಡಿಕೇರಿಯಿಂದ:
ಆ ಬಚ್ಚಲಲ್ಲಿರುವ ಸಾಬೂನು ಎಲ್ಲಿಯದು ಸ್ವಾಮಿ? ಹೊರಗಿನದು ಅಂತ ಹಚ್ಚಿಕೊಳ್ಳೋದು ಬಿಟ್ಟಿದ್ದೀರಾ?

ಮೈಸೂರಿನಿಂದ:
ಸಾಬೂನು ಉಕಾರ ಹಚ್ಚಿಕೊಂಡು ಕನ್ನಡವಾಗಿದೆ. ‘ಟೈಲ್ಸ್’ ಆಗಿಲ್ಲ. ಮೇಲಾಗಿ ಅದು ಬಹುವಚನ. ‘ಒಂದು ಟೈಲ್ಸ್’ ಅಂತ ಬರೆಸ್ತೀರಾ?

ವಿರಾಜಪೇಟೆಯಿಂದ:
ಬರೆಸ್ತೀವಿ. ಅಂಗಡಿಯಲ್ಲಿ ಹಾಗೇ ಕೇಳೋದು.

ಕುಶಾಲನಗರದಿಂದ:
ಪೇಂಟರ್ ಬಂದಾಯ್ತು. ‘ನೀರು ಬಿಡದೆ ಕಲ್ಲು ಕೊಯ್ಯಬೇಡಿ. ತೂತು ಕೊರೆಯುವಾಗ ಹ್ಯಾಮರ್ ಆಫ್ ಇರಲಿ.’ ಸಾಕಲ್ವಾ?

ಮೈಸೂರಿನಿಂದ:
‘ಹ್ಯಾಮರ್’ ಬೇಡ. ‘ಸುತ್ತಿಗೆ ಬಳಸಬೇಡಿ’ ಅನ್ನಿ.

ಸೋಮವಾರಪೇಟೆಯಿಂದ:
ಹಾಗೆ ಬರೆದರೆ ಕೈಯಲ್ಲಿರುವ ಸುತ್ತಿಗೆ ಕೆಳಗಿಟ್ಟು, ಮೆಷೀನನ್ನು ಹ್ಯಾಮರ್‌ನಲ್ಲೇ ಓಡಿಸುತ್ತಾರೆ. ಮೆಷೀನಿನ ಸ್ವಿಚ್ ಹತ್ತಿರ ಸುತ್ತಿಗೆ ಚಿತ್ರ ಇದೆಯಲ್ಲ, ‘ಸ್ವಿಚ್ಚನ್ನು ಸುತ್ತಿಗೆ ಚಿತ್ರದ ಕಡೆ ತಿರುಗಿಸಬೇಡಿ’ ಅಂತ ಬರೆಸಿ.

ಕುಶಾಲನಗರದಿಂದ:
ಇದೇ ಸರಿ, ಬರೆಸುತ್ತಿದ್ದೇನೆ. ‘ಸ್ವಿಚ್’ಗೆ ಕನ್ನಡ ಹುಡುಕುವವರು ದಯವಿಟ್ಟು ಬೇರೆ ಚರ್ಚೆ ಶುರುಮಾಡಿ.