ಕ್ಯಾನ್‌ಕೂನ್‌ನಿಂದ ಚಿಚೆನ್ ಇಟ್ಜಾ, ಸೆನೋಟೆ ಒಂದೇ ದಿನದಲ್ಲಿ: ಯಾವ ಟೂರ್ ಬುಕ್ ಮಾಡೋದು?

ದಾವಣಗೆರೆ_ಬೆಣ್ಣೆ:
ಎಲ್ಲರಿಗೂ ನಮಸ್ಕಾರ. ಡಿಸೆಂಬರ್ ಕೊನೇ ವಾರ ಡಲ್ಲಾಸ್‌ನಿಂದ ಮೆಕ್ಸಿಕೋದ ಕ್ಯಾನ್‌ಕೂನ್‌ಗೆ ಹೊರಟಿದ್ದೇವೆ. ನಾವಿಬ್ಬರು, 9 ವರ್ಷದ ಮಗಳು, ಊರಿಂದ ಬಂದಿರೋ ಅಪ್ಪ ಅಮ್ಮ. ಅಪ್ಪನಿಗೆ ಮಂಡಿ ನೋವು, ಅಮ್ಮನಿಗೆ ಈಜು ಬರಲ್ಲ. ಎಲ್ಲರೂ ಸಸ್ಯಾಹಾರಿಗಳು.

ಚಿಚೆನ್ ಇಟ್ಜಾದ ಮಾಯಾ ಅವಶೇಷ ಮತ್ತು ಸೆನೋಟೆಗೆ (ನೆಲ ಕುಸಿದು ಆದ ನೀರಿನ ಬಾವಿ) ಅಂತ ಒಂದು ದಿನ ಇಟ್ಟುಕೊಂಡಿದ್ದೇವೆ. ಆನ್‌ಲೈನ್‌ನಲ್ಲಿ ನೋಡಿದ್ರೆ ಒಂದೇ ಥರದ ಟೂರ್‌ಗೆ ಒಬ್ಬರು ಕೇಳೋದಕ್ಕೆ ಇನ್ನೊಬ್ಬರು ಮೂರು ಪಟ್ಟು ಕೇಳ್ತಾರೆ. ಚಿಚೆನ್ ಇಟ್ಜಾ, ಸೆನೋಟೆ, ವಯದೊಲಿದ್ ಊರು, ಬಫೆ ಊಟ, ಎಲ್ಲದರಲ್ಲೂ ಇದೇ ಪಟ್ಟಿ. ಹಾಗಾದ್ರೆ ದುಬಾರಿಯದರಲ್ಲಿ ಹೆಚ್ಚಿಗೆ ಸಿಗೋದೇನು? ಟೂರ್ ಬಿಟ್ಟು ನಾವೇ ಹೋಗೋದು ವಾಸಿನಾ? ಅಪ್ಪ ಅಮ್ಮಂದು ಅಮೆರಿಕದ ವಿಸಿಟರ್ ವೀಸಾ, ಮೆಕ್ಸಿಕೋಗೆ ಬೇರೆ ವೀಸಾ ಬೇಕಾ?

ಸಹ್ಯಾದ್ರಿ_77:
ದುಬಾರಿ ಟೂರ್‌ನಲ್ಲಿ ನೀವು ದುಡ್ಡು ಕೊಡೋದು ಗೇಟಿಗೆ ಎಷ್ಟು ಗಂಟೆಗೆ ತಲುಪ್ತೀರಿ ಅನ್ನೋದಕ್ಕೆ. ಉಳಿದದ್ದು ಹೆಚ್ಚುಕಮ್ಮಿ ಒಂದೇ.

ಮೊದಲು ಗಡಿಯಾರದ ಲೆಕ್ಕ ತಿಳ್ಕೊಳ್ಳಿ, ತುಂಬಾ ಜನ ಎಡವೋದು ಇಲ್ಲೇ. ಕ್ಯಾನ್‌ಕೂನ್ ಇರೋದು ಕಿಂತಾನಾ ರೋ ರಾಜ್ಯದಲ್ಲಿ, ಚಿಚೆನ್ ಇಟ್ಜಾ ಮತ್ತು ವಯದೊಲಿದ್ ಯುಕಟಾನ್ ರಾಜ್ಯದಲ್ಲಿ. ಯುಕಟಾನ್ ಒಂದು ಗಂಟೆ ಹಿಂದೆ. ಗೇಟು ತೆರೆಯೋದು ಅಲ್ಲಿನ ಬೆಳಿಗ್ಗೆ 8ಕ್ಕೆ, ಅಂದ್ರೆ ಕ್ಯಾನ್‌ಕೂನ್‌ನ 9ಕ್ಕೆ. ದೂರ ಸುಮಾರು 200 ಕಿ.ಮೀ., ಟೋಲ್ ರಸ್ತೆಯಲ್ಲಿ ಎರಡೂವರೆ ಗಂಟೆ. 6:15ಕ್ಕೆ ಹೊರಟರೆ ಅಲ್ಲಿನ 7:45ಕ್ಕೆ ಗೇಟಿನ ಮುಂದೆ ಇರ್ತೀರಿ. ಹೋಗುವಾಗ ಸಿಕ್ಕ ಆ ಒಂದು ಗಂಟೆ ಬರುವಾಗ ವಾಪಸ್ ಹೋಗುತ್ತೆ, ಅದಕ್ಕೇ ರಾತ್ರಿ ಊಟದ ಬುಕಿಂಗ್ ಆ ದಿನ ಇಟ್ಕೋಬೇಡಿ. ಗೈಡ್ "11:30ಕ್ಕೆ ಬಸ್ ಹತ್ರ ಬನ್ನಿ" ಅಂದ್ರೆ ಯಾವ ರಾಜ್ಯದ 11:30 ಅಂತ ಕೇಳಿಬಿಡಿ. ಗಡಿ ದಾಟಿದ ಮೇಲೂ ಕೆಲವು ಫೋನ್‌ಗಳು ಹಳೇ ಸಮಯವನ್ನೇ ತೋರಿಸ್ತಿರುತ್ತವೆ.

ಈಗ ಅಗ್ಗದ ದೊಡ್ಡ ಬಸ್ಸಿನ ಕಥೆ. ಪಿಕಪ್ ಬೆಳಿಗ್ಗೆ 7 ಅಂತ ಬರೆದಿರುತ್ತೆ. ಆಮೇಲೆ ಒಂದು ಗಂಟೆ ಬೇರೆ ಬೇರೆ ಹೋಟೆಲ್‌ಗಳ ಬಾಗಿಲು ಸುತ್ತುತ್ತೆ. ದಾರಿಯಲ್ಲಿ "ಮಾಯಾ ಕುಶಲಕರ್ಮಿಗಳ ಹಳ್ಳಿ" ಅನ್ನೋ ಅಂಗಡಿಯಲ್ಲಿ ಮುಕ್ಕಾಲು ಗಂಟೆ. ಕೆಲವರು ಅಲ್ಲೇ ಬಫೆ, ಸೆನೋಟೆ ಎರಡನ್ನೂ ಮುಗಿಸ್ತಾರೆ. ಪಿರಮಿಡ್ ಮುಂದೆ ಬಂದು ನಿಲ್ಲೋ ಹೊತ್ತಿಗೆ ನೆತ್ತಿ ಮೇಲೆ ಸೂರ್ಯ, ಮುಂದೆ ನಲವತ್ತು ಬಸ್ಸಿನ ಜನ. ಬಯಲಲ್ಲಿ ನೆರಳು ಅನ್ನೋದೇ ಇಲ್ಲ. ಡಿಸೆಂಬರ್‌ನಲ್ಲಿ ಏಪ್ರಿಲ್-ಮೇ ಥರ ಸುಡಲ್ಲ, ಆದರೆ ಕ್ರಿಸ್‌ಮಸ್ ವಾರ ಅಲ್ಲಿ ಜಾತ್ರೆ. ಬೆಳಗಿನ ಮೊದಲ ಒಂದೂವರೆ ಗಂಟೆ ಮಾತ್ರ ನಿಮ್ಮದು.

ಹಾಗಾಗಿ ಬುಕ್ ಮಾಡೋ ಮುಂಚೆ ಮೆಸೇಜ್ ಹಾಕಿ ಬರಹದಲ್ಲೇ ಉತ್ತರ ತಗೊಳ್ಳಿ: ಮೊದಲ ನಿಲ್ದಾಣ ಚಿಚೆನ್ ಇಟ್ಜಾನೇನಾ? ಗೇಟಿಗೆ ಸೇರೋದು ಯುಕಟಾನ್ ಸಮಯ ಎಷ್ಟಕ್ಕೆ? ಗಾಡಿಯಲ್ಲಿ ಎಷ್ಟು ಜನ? ಅಂಗಡಿಗೆ ನಿಲ್ಲಿಸ್ತೀರಾ? ಪ್ರವೇಶ ಶುಲ್ಕ ಸೇರಿದೆಯಾ?

ಕೊನೇ ಪ್ರಶ್ನೆ ಬಿಡಲೇಬೇಡಿ. ಚಿಚೆನ್ ಇಟ್ಜಾದಲ್ಲಿ ಟಿಕೆಟ್ ಎರಡು: ಒಂದು ರಾಜ್ಯ ಸರ್ಕಾರದ್ದು, ಇನ್ನೊಂದು ಕೇಂದ್ರದ ಪುರಾತತ್ವ ಸಂಸ್ಥೆ ಇನಾದ್ದು. ವಿದೇಶಿಯರಿಗೆ ಎರಡೂ ಸೇರಿ 600 ಪೆಸೊ ದಾಟಿ ಎಷ್ಟೋ ಕಾಲ ಆಯ್ತು, ವರ್ಷ ವರ್ಷ ಏರ್ತಾನೇ ಇದೆ. ಅಗ್ಗದ ಟೂರ್‌ನವರು ಇದನ್ನ ಬಸ್ಸಲ್ಲಿ ಡಾಲರ್ ಲೆಕ್ಕದಲ್ಲಿ, ಅವರದೇ ರೇಟಲ್ಲಿ ವಸೂಲಿ ಮಾಡ್ತಾರೆ. ಅದನ್ನ ಕೂಡಿಸಿ ನೋಡಿದ್ರೆ "ಅಗ್ಗ" ಎಷ್ಟು ಅಗ್ಗ ಅಂತ ಗೊತ್ತಾಗುತ್ತೆ. ಇನಾ ಟಿಕೆಟ್ 13 ವರ್ಷದೊಳಗಿನ ಮಕ್ಕಳಿಗೆ ಉಚಿತ. ಮಗಳ ಪಾಸ್‌ಪೋರ್ಟ್ ಪ್ರತಿ ಕೈಯಲ್ಲಿರಲಿ.

ಒಳಗೆ ಏನು ನೋಡೋದು: ಗೈಡ್ ಒಂದು ಗಂಟೆ ಮಾತಾಡ್ತಾರೆ, ಆಮೇಲೆ 45 ನಿಮಿಷ ಬಿಡ್ತಾರೆ. ಕುಕುಲ್ಕಾನ್ ಪಿರಮಿಡ್ ಸುಮಾರು 30 ಮೀ. ಎತ್ತರ. ನಾಲ್ಕು ಕಡೆ ತಲಾ 91 ಮೆಟ್ಟಿಲು, ಮೇಲಿನ ಜಗಲಿ ಸೇರಿ 365. ಹತ್ತೋಕೆ ಬಿಡಲ್ಲ, ಹಾಗಾಗಿ ಮಂಡಿ ಚಿಂತೆ ಅಲ್ಲಿಲ್ಲ. ಉತ್ತರ ದಿಕ್ಕಿನ ಮೆಟ್ಟಿಲ ಎದುರು ನಿಂತು ಚಪ್ಪಾಳೆ ತಟ್ಟಿದ್ರೆ ಹಕ್ಕಿ ಚಿಲಿಪಿಲಿ ಥರ ಪ್ರತಿಧ್ವನಿ ಬರುತ್ತೆ. 9 ಗಂಟೆ ಮೇಲೆ ನೂರು ಜನ ಒಟ್ಟಿಗೆ ತಟ್ತಿರ್ತಾರೆ, ಏನೂ ಕೇಳಲ್ಲ. ಚೆಂಡಾಟದ ಅಂಗಳ 168 ಮೀ. ಉದ್ದ. ಗೋಡೆಯ ಕಲ್ಲಿನ ಬಳೆ ಎಲ್ಲರೂ ನೋಡ್ತಾರೆ, ಕೆಳಗಿನ ಇಳಿಜಾರು ಕಲ್ಲಿನ ಕೆತ್ತನೆ ನೋಡದೇ ಬರ್ತಾರೆ. ತಲೆ ಕಡಿಸಿಕೊಂಡ ಆಟಗಾರನ ಕುತ್ತಿಗೆಯಿಂದ ರಕ್ತ ಹಾವುಗಳಾಗಿ ಚಿಮ್ಮೋದನ್ನ ಕೆತ್ತಿದ್ದಾರೆ, ಓರೆ ಬಿಸಿಲಲ್ಲಿ ಮಾತ್ರ ಸ್ಪಷ್ಟ. ನಿಮಗೆ ಸಿಕ್ಕ 45 ನಿಮಿಷವನ್ನ ದಕ್ಷಿಣದ ಕಡೆಗೆ ಇಡಿ. ಕರಕೋಲ್ ಅನ್ನೋ ದುಂಡನೆಯ ವೀಕ್ಷಣಾಲಯ ಅಲ್ಲಿದೆ, ಬಸ್ ಟೂರ್‌ನವರು ಆ ಕಡೆ ತಲೆ ಹಾಕೋದು ಕಡಿಮೆ.

ಕೃಷ್ಣಾತೀರ:
ಮೇಲಿನವರು ಹೇಳಿದ ಕ್ರಮದಲ್ಲೇ ಹೋಗಿ: ಅವಶೇಷ ಮೊದಲು, ಸೆನೋಟೆ ಆಮೇಲೆ. ಅದಕ್ಕೆ ಇನ್ನೊಂದು ಕಾರಣ ಸನ್‌ಸ್ಕ್ರೀನ್.

ಉತ್ತರ ಯುಕಟಾನ್ ಇಡೀ ಸುಣ್ಣದ ಕಲ್ಲು. ಮಳೆ ನೀರು ನೇರ ಕೆಳಗೆ ಇಂಗುತ್ತೆ, ನೆಲದ ಮೇಲೆ ನದಿ ಹರಿಯಲ್ಲ. ಒಳಗೆ ಕಲ್ಲು ಕರಗಿ ಗವಿ ಆಗಿ, ಮೇಲಿನ ಚಾವಣಿ ಕುಸಿದ ಕಡೆ ಸೆನೋಟೆ. ಕೆಳಗಿನ ನೀರೆಲ್ಲ ಒಂದಕ್ಕೊಂದು ಕೂಡಿಕೊಂಡಿದೆ, ಆ ಜನ ಕುಡಿಯೋ ನೀರೂ ಅದೇ. ನೀವು ಮೈಗೆ ಹಚ್ಚಿದ್ದು ಅಲ್ಲಿಗೇ ಸೇರೋದು. ಅದಕ್ಕೇ ಇಳಿಯೋ ಮುಂಚೆ ಶವರ್ ಕಡ್ಡಾಯ. ಸನ್‌ಸ್ಕ್ರೀನ್, ಸೊಳ್ಳೆ ಕ್ರೀಮ್, ತಲೆಗೆ ಎಣ್ಣೆ, ಯಾವುದೂ ಇರಬಾರದು. ಲೇಬಲ್ ಮೇಲೆ "ಬಯೋಡಿಗ್ರೇಡಬಲ್" ಅಂತಿದ್ರೂ ಅಷ್ಟೇ, ಅದೂ ನೀರಲ್ಲಿ ಕರಗೋದು ನಿಧಾನ. ಬರೀ ನೀರು ಸುರಿದುಕೊಂಡ್ರೆ ಕ್ರೀಮ್ ಹೋಗಲ್ಲ, ಆದ್ದರಿಂದ ಬೆಳಿಗ್ಗೆ ಹಚ್ಚಲೇಬೇಡಿ. ತುಂಬು ತೋಳಿನ ಹತ್ತಿ ಅಂಗಿ, ಅಗಲ ಟೋಪಿ, ಅಪ್ಪ ಅಮ್ಮನಿಗೆ ಒಂದೊಂದು ಛತ್ರಿ ಸಾಕು.

ಚಿಚೆನ್ ಇಟ್ಜಾ ಒಳಗೇ ಒಂದು ದೊಡ್ಡ ಸೆನೋಟೆ ಇದೆ, ಪಿರಮಿಡ್‌ನಿಂದ ಉತ್ತರಕ್ಕೆ ಸುಮಾರು 300 ಮೀ. ಅದು ಬಲಿ, ಕಾಣಿಕೆ ಹಾಕ್ತಿದ್ದ ಜಾಗ. ದಡದಲ್ಲಿ ನಿಂತು ನೋಡೋದಷ್ಟೇ, ಇಳಿಯೋ ಹಾಗಿಲ್ಲ. ಬ್ಯಾಗಲ್ಲಿ ಈಜುಡುಗೆ ಇಟ್ಕೊಂಡು ಅಲ್ಲಿವರೆಗೆ ನಡೆಯೋರು ಇದ್ದಾರೆ.

ಟೂರ್‌ಗಳು ಕರ್ಕೊಂಡು ಹೋಗೋದು ಹೆಚ್ಚಾಗಿ ಹತ್ತಿರದ ಇಕ್ ಕಿಲ್‌ಗೆ. ಬಾಯಿ ಸುಮಾರು 60 ಮೀ. ಅಗಲ, ನೀರು ನೆಲಮಟ್ಟದಿಂದ 26 ಮೀ. ಕೆಳಗೆ. ನಮ್ಮ ಕಡೆ ದೊಡ್ಡ ಮೆಟ್ಟಿಲುಬಾವಿ ಇದ್ದ ಹಾಗೆ, ಸುತ್ತ ಬೇರುಗಳು ನೇತಾಡ್ತಿರುತ್ತವೆ. ಕಲ್ಲು ಕೊರೆದು ಮಾಡಿದ ಮೆಟ್ಟಿಲು ಸದಾ ಒದ್ದೆ, ಹತ್ತೋರು ಇಳಿಯೋರು ಒಂದೇ ದಾರಿಯಲ್ಲಿ. ಮಂಡಿ ನೋವಿರೋರು ಇಳಿಯೋದು ಬೇಡ ಅನ್ನೋದೇ ನನ್ನ ಸಲಹೆ. ಮೇಲಿನ ಕಟಾಂಜನದಿಂದಲೇ ಇಡೀ ಬಾವಿ ಚೆನ್ನಾಗಿ ಕಾಣುತ್ತೆ.

ಅಮ್ಮನ ವಿಷಯ: ಲೈಫ್ ಜಾಕೆಟ್ ಕೊಡ್ತಾರೆ, ಇಕ್ ಕಿಲ್‌ನಲ್ಲಿ ಎಲ್ಲರಿಗೂ ಕಡ್ಡಾಯ. ಆದರೆ ಅಲ್ಲಿ ಕಾಲು ಊರೋ ಜಾಗ ಇಲ್ಲ, ಏಣಿ ಬಿಟ್ಟ ಕೂಡಲೇ 40 ಮೀಟರ್‌ಗಿಂತ ಆಳ. ಸಮುದ್ರದಲ್ಲಿ ತೇಲಿದ ಹಾಗೆ ಸಿಹಿನೀರಲ್ಲಿ ತೇಲಲ್ಲ, ಅದು ಮೈಗೆ ಗೊತ್ತಾಗುತ್ತೆ, ಗಾಬರಿ ಆಗುತ್ತೆ. ಜಾಕೆಟ್‌ನ ಕೆಳಗಿನ ಪಟ್ಟಿವರೆಗೂ ಬಿಗಿಯಾಗಿ ಕಟ್ಟಿ. ಇಲ್ಲದಿದ್ರೆ ನೀರಿಗಿಳಿದ ತಕ್ಷಣ ಅದು ಕಿವಿವರೆಗೆ ಏರುತ್ತೆ. ಮಗಳಿಗೆ ಮಕ್ಕಳ ಸೈಜೇ ಕೇಳಿ, ದೊಡ್ಡದು ಕೊಟ್ಟರೆ ವಾಪಸ್ ಮಾಡಿ. ನೀರು ವರ್ಷವಿಡೀ 24-25 ಡಿಗ್ರಿ. ಬಿಸಿಲಲ್ಲಿ ಹಿತ, ಮೇಲೆ ಬಂದಾಗ ಮಕ್ಕಳಿಗೆ ನಡುಕ ಬರುತ್ತೆ, ಒಣ ಟವೆಲ್ ಮೇಲೇ ಲಾಕರ್‌ನಲ್ಲಿರಲಿ. ಕಾಲಿಗೆ ಮುತ್ತಿಕೊಳ್ಳೋ ಕಪ್ಪು ಮೀನು ಏನೂ ಮಾಡಲ್ಲ, ಅಮ್ಮನಿಗೆ ಮೊದಲೇ ಹೇಳಿಡಿ.

ಬಯಲುಸೀಮೆ_ಬಸ್ಯ:
ನನ್ನದು ಸ್ವಲ್ಪ ಬೇರೆ ಅಭಿಪ್ರಾಯ. ಕ್ರಿಸ್‌ಮಸ್ ವಾರ ಕ್ಯಾನ್‌ಕೂನ್‌ನಿಂದ ಹೋಗಿಬರೋ ಐದು ಗಂಟೆ ಪ್ರಯಾಣ ವಯಸ್ಸಾದವರಿಗೆ ಶಿಕ್ಷೆ. ಒಂದು ರಾತ್ರಿ ವಯದೊಲಿದ್‌ನಲ್ಲಿ ಉಳಿದುಬಿಡಿ. ಆಡೋ (ADO) ಅನ್ನೋ ಕಂಪನಿಯ ಬಸ್ಸು ಕ್ಯಾನ್‌ಕೂನ್ ನಿಲ್ದಾಣದಿಂದ ಎರಡರಿಂದ ಎರಡೂವರೆ ಗಂಟೆ. ಅಲ್ಲಿಂದ ಚಿಚೆನ್ ಇಟ್ಜಾ 45 ಕಿ.ಮೀ. ಕೊಲೆಕ್ತಿವೊ ಅನ್ನೋ ವ್ಯಾನ್‌ಗಳು ಜನ ತುಂಬಿದ ಮೇಲೆ ಹೊರಡ್ತವೆ, ನೀವು ಐವರಿದ್ದೀರಿ, ಟ್ಯಾಕ್ಸಿಯೇ ಗೊತ್ತು ಮಾಡಿ. 7:10ಕ್ಕೆ ಹೊರಟರೂ ಗೇಟು ತೆಗೆಯೋ ಹೊತ್ತಿಗೆ ಅಲ್ಲಿರ್ತೀರಿ, ಟೂರ್ ಬೇಕಿಲ್ಲ. ಗೈಡ್ ಗೇಟಿನಲ್ಲೇ ಸಿಗ್ತಾರೆ, ಕೊರಳಲ್ಲಿ ಸರ್ಕಾರದ ಗುರುತಿನ ಚೀಟಿ ಇರೋರನ್ನೇ ನೋಡ್ಕೊಳ್ಳಿ. ದರ ಇಡೀ ಗುಂಪಿಗೆ, ತಲೆಗಿಷ್ಟು ಅಂತಲ್ಲ. ಇಂಗ್ಲಿಷ್ ಅಂತ ಮೊದಲೇ ಹೇಳಿ.

ಸೆನೋಟೆಗೆ ಇಕ್ ಕಿಲ್ ಬದಲು ಸಾಸಿ ನೋಡಿ. ವಯದೊಲಿದ್ ಊರೊಳಗೇ, ಚೌಕದಿಂದ ನಡೆದು ಹೋಗೋ ದೂರ. ಅಪ್ಪ ಮೇಲೆ ಕೂತು ನೋಡಬಹುದು. ಊರ ಹೊರಗೆ ಝಿಟ್ನುಪ್‌ನಲ್ಲಿ ಶ್‌ಕೆಕೆನ್, ಸಮುಲಾ ಎರಡೂ ಪಕ್ಕಪಕ್ಕ. ಇವು ಗವಿ ಸೆನೋಟೆಗಳು, ಚಾವಣಿಯ ಒಂದು ತೂತಿಂದ ಬೆಳಕು ಬೀಳುತ್ತೆ. ಒಳಗೆ ಸೆಕೆ, ಬಾವಲಿ, ಜಾರೋ ಮೆಟ್ಟಿಲು. ಮಗಳಿಗೆ ಖುಷಿ, ಅಪ್ಪನಿಗೆ ಬೇಡ. ಫೋಟೋದಲ್ಲಿ ಎಲ್ಲ ಕಡೆ ಕಾಣೋ ದುಂಡು ಕಟ್ಟೆಯ ಸುಯ್ತುನ್ ಈಜೋದಕ್ಕಿಂತ ಫೋಟೋ ಸಾಲಿನಲ್ಲಿ ನಿಲ್ಲೋದಕ್ಕೇ ಹೆಚ್ಚು. ಬೆಳಕಿನ ಕಂಬ ಬೇಕಾದ್ರೆ ನಡುಮಧ್ಯಾಹ್ನ ಹೋಗಬೇಕು, ಮೋಡ ಬಂದ್ರೆ ಅದೂ ಇಲ್ಲ.

ಏನೇ ಮಾಡಿ, "ನಾಲ್ಕು ತಾಣ ಒಂದೇ ದಿನ" ಅಂತ ತುಲುಮ್, ಕೋಬಾ, ಸೆನೋಟೆ, ಪ್ಲಾಯಾ ದೆಲ್ ಕಾರ್ಮೆನ್ ಪೋಣಿಸಿದ ಟೂರ್ ಮಾತ್ರ ಬೇಡ. ನಾಲ್ಕು ಪಾರ್ಕಿಂಗ್ ನೋಡ್ಕೊಂಡು ಬರ್ತೀರಿ.

ದಾವಣಗೆರೆ_ಬೆಣ್ಣೆ:
ಇಷ್ಟು ವಿವರ ಎಲ್ಲೂ ಸಿಕ್ಕಿರಲಿಲ್ಲ, ಎಲ್ಲರಿಗೂ ಥ್ಯಾಂಕ್ಸ್. ಕ್ಯಾನ್‌ಕೂನ್ ಹೋಟೆಲ್ ರದ್ದು ಮಾಡೋಕಾಗಲ್ಲ, ಹಾಗಾಗಿ ಬೆಳಗ್ಗೆ ಬೇಗ ಹೊರಡೋ ಚಿಕ್ಕ ವ್ಯಾನ್ ಟೂರ್ ನೋಡ್ತೀನಿ. ಊಟ ಮತ್ತೆ ವೀಸಾ ಬಗ್ಗೆ ಯಾರಾದ್ರೂ ಹೇಳ್ತೀರಾ?

ಉಪ್ಪಿಟ್ಟು_ಪ್ರಿಯೆ:
ವೀಸಾ: ಅವಧಿ ಮುಗಿಯದ ಅಮೆರಿಕದ ವೀಸಾ ಪಾಸ್‌ಪೋರ್ಟ್‌ನಲ್ಲಿ ಇದ್ರೆ ಭಾರತೀಯರಿಗೆ ಮೆಕ್ಸಿಕೋದ ವೀಸಾ ಬೇಡ. ಅಪ್ಪ ಅಮ್ಮನಿಗೆ ತೊಂದರೆ ಇಲ್ಲ. ಗ್ರೀನ್ ಕಾರ್ಡ್ ಇದ್ರೂ ಸರಿ. ಸಿಕ್ಕಿಬೀಳೋದು ಪಾಸ್‌ಪೋರ್ಟ್‌ನಲ್ಲಿ ಎಚ್1ಬಿ (ಅಮೆರಿಕದ ಕೆಲಸದ ವೀಸಾ) ಸ್ಟ್ಯಾಂಪ್ ಮುಗಿದು ಬರೀ ಐ-797 ಅನ್ನೋ ಒಪ್ಪಿಗೆ ಕಾಗದ ಇರೋರು. ಆ ಕಾಗದ ನೋಡಿ ಮೆಕ್ಸಿಕೋ ಒಳಗೆ ಬಿಡಲ್ಲ, ಅವರು ಮೆಕ್ಸಿಕೋ ವೀಸಾ ಮಾಡಿಸ್ಲೇಬೇಕು. ನಿಮ್ಮಿಬ್ಬರ ಸ್ಟ್ಯಾಂಪ್ ದಿನಾಂಕ ಇವತ್ತೇ ನೋಡಿ.

ಊಟ: ಬಫೆಯಲ್ಲಿ "ವೆಜಿಟೇರಿಯನ್ ಇದೆ" ಅಂದ್ರೆ ಮಾಂಸದ ತುಂಡು ಇಲ್ಲ ಅಂತ ಅಷ್ಟೇ ಅರ್ಥ. ಕಾಳಿನ ಪಲ್ಯ (ಫ್ರಿಹೋಲೆಸ್) ಹಂದಿ ಕೊಬ್ಬಿನಲ್ಲಿ ಮಾಡಿರ್ತಾರೆ, ಅನ್ನವನ್ನ ಕೋಳಿ ಸಾರಿನಲ್ಲಿ ಬೇಯಿಸಿರ್ತಾರೆ. ನಿಂಬೆ ಸೂಪ್ ಅಂತ ಹೇಳೋ ಸೋಪಾ ದೆ ಲೀಮಾ ಕೋಳಿಯದ್ದೇ. ಕೇಳೋದು ಹೀಗೆ: "ಸಿನ್ ಕಾರ್ನೆ, ಸಿನ್ ಪೊಯೊ, ಸಿನ್ ಮಾಂತೇಕಾ, ಸಿನ್ ಕಾಲ್ದೊ ದೆ ಪೊಯೊ". ಮಾಂಸ, ಕೋಳಿ, ಹಂದಿ ಕೊಬ್ಬು, ಕೋಳಿ ಸಾರು ಬೇಡ ಅಂತ. ಫೋನಲ್ಲಿ ಬರೆದಿಟ್ಟು ತೋರಿಸಿದ್ರೆ ಇನ್ನೂ ಒಳ್ಳೇದು. ಭರವಸೆಯಿಂದ ತಿನ್ನಬಹುದಾದದ್ದು ಬಿಸಿ ಮೆಕ್ಕೆಜೋಳದ ತೋರ್ತಿಯಾ (ತೆಳು ರೊಟ್ಟಿ), ಗ್ವಾಕಮೋಲೆ (ಬೆಣ್ಣೆಹಣ್ಣಿನ ಚಟ್ನಿ), ಹಣ್ಣು. ಪಕ್ಕದ ಬಟ್ಟಲಲ್ಲಿರೋ ಹಬನೇರೊ ಚಟ್ನಿಯನ್ನ ಬ್ಯಾಡಗಿ ಅಂದ್ಕೊಂಡು ಸುರ್ಕೋಬೇಡಿ, ಕಡ್ಡಿ ತುದಿಯಷ್ಟು ಸಾಕು. ಚಪಾತಿ, ಪುಳಿಯೋಗರೆ ಕಟ್ಕೊಂಡು ಹೋದ್ರೆ ವ್ಯಾನಲ್ಲೇ ತಿನ್ನಿ. ವಯದೊಲಿದ್ ಚೌಕದಲ್ಲಿ ನಿಲ್ಲಿಸಿದ್ರೆ ಗಾಡಿಯಲ್ಲಿ ಮಾರ್ಕೆಸಿತಾ ಸಿಗುತ್ತೆ, ಗರಿಗರಿ ಸುರುಳಿಯೊಳಗೆ ತುರಿದ ಚೀಸ್. ಮೊಟ್ಟೆ ತಿನ್ನದವರು ಹಿಟ್ಟಿನ ಬಗ್ಗೆ ಕೇಳಿ.

ಸಹ್ಯಾದ್ರಿ_77:
ಒಂದು ಸೇರಿಸ್ತೀನಿ. ಪೆಸೊ ನಗದು ಇಟ್ಕೊಳ್ಳಿ: ಸೆನೋಟೆ ಲಾಕರ್, ಶೌಚಾಲಯ, ಡ್ರೈವರ್ ಮತ್ತು ಗೈಡ್‌ಗೆ ಬೇರೆ ಬೇರೆ ಟಿಪ್ಸ್. ಎಟಿಎಂ ಪರದೆ "ನಮ್ಮ ದರದಲ್ಲಿ ಡಾಲರ್‌ಗೆ ಪರಿವರ್ತಿಸಲಾ" ಅಂತ ಕೇಳಿದ್ರೆ ಬೇಡ ಒತ್ತಿ, ನಿಮ್ಮ ಬ್ಯಾಂಕಿನ ದರವೇ ವಾಸಿ. ಡ್ರೋನ್ ಹೋಟೆಲಲ್ಲೇ ಬಿಡಿ, ಗೇಟಲ್ಲಿ ಒಳಗೆ ಬಿಡಲ್ಲ. ಟ್ರೈಪಾಡ್‌ಗೂ ಅನುಮತಿ ಬೇಕು.

ದಾರಿಯುದ್ದಕ್ಕೂ ಮಾರಾಟಗಾರರು ಜಾಗ್ವಾರ್ ಗರ್ಜನೆಯ ಸೀಟಿ ಊದ್ತಾ ಇರ್ತಾರೆ. ಮಗಳು ಕೇಳೇ ಕೇಳ್ತಾಳೆ. ಒಳಗೆ ಹೋಗುವಾಗಲೇ ಕೊಡಿಸಿದ್ರೆ ಗೈಡ್ ಮಾತು ಯಾರಿಗೂ ಕೇಳಿಸಲ್ಲ, ಹೊರಗೆ ಬರುವಾಗ ಕೊಡಿಸಿ, ಚೌಕಾಸಿ ಮಾಡಿ.