ಹೈಫಾ ಗೆದ್ದ ತಿಂಗಳು: 1918ರ ಸೆಪ್ಟೆಂಬರ್

ದೊಡ್ಡಪ್ಪನವರಿಗೂ ಗುಂಪಿನಲ್ಲಿರುವ ಎಲ್ಲ ಹಿರಿಯರಿಗೂ ನಮಸ್ಕಾರ. ನಮ್ಮ ಮೈಸೂರು ಸಂಸ್ಥಾನದ ಅಶ್ವದಳವಾದ ಮೈಸೂರು ಲ್ಯಾನ್ಸರ್ಸ್‌ನವರು ಪ್ಯಾಲೆಸ್ಟೈನಿನ ಹೈಫಾ ಪಟ್ಟಣವನ್ನು ಗೆದ್ದದ್ದರಿಂದಲೇ ಮೊದಲನೆಯ ಮಹಾಯುದ್ಧ ಮುಗಿಯಿತು ಎಂಬ ಸಂದೇಶವನ್ನು ದೊಡ್ಡಪ್ಪ ನಿನ್ನೆ ಕಳುಹಿಸಿ, ಇದು ನಿಜವೇ ಎಂದು ನನ್ನನ್ನು ಕೇಳಿದ್ದರು. ಬರೆಯಲು ಕುಳಿತರೆ ತುಂಡುತುಂಡಾಗುತ್ತದೆ ಎಂದು ಮಾತಿನಲ್ಲಿಯೇ ಹೇಳುತ್ತಿದ್ದೇನೆ. ದೀರ್ಘವಾದರೂ ದಯವಿಟ್ಟು ಪೂರ್ತಿ ಕೇಳಿ. ಹೈಫಾ ಗೆದ್ದದ್ದು ನಿಜ. ಅದರಿಂದಲೇ ಯುದ್ಧ ಮುಗಿಯಿತು ಎಂಬುದು ಮಾತ್ರ ನಿಜವಲ್ಲ. ಆ ತಿಂಗಳು ಜಗತ್ತಿನಲ್ಲಿ ಬೇರೆ ಏನೇನು ನಡೆಯುತ್ತಿತ್ತು ಎಂಬುದನ್ನು ನೋಡಿದರೆ ಇದು ತಾನಾಗಿಯೇ ತಿಳಿಯುತ್ತದೆ.

ಮೊದಲು ನಮ್ಮವರ ವಿಷಯ. ಸೆಪ್ಟೆಂಬರ್ 19ರಂದು ನಮ್ಮವರು ಸೇರಿದ್ದ ಬ್ರಿಟಿಷ್ ಸೇನೆಯ ಜನರಲ್ ಅಲೆನ್‌ಬಿ ಪ್ಯಾಲೆಸ್ಟೈನಿನಲ್ಲಿ, ಜರ್ಮನಿಯ ಪರವಾಗಿ ಹೋರಾಡುತ್ತಿದ್ದ ತುರ್ಕಿ ಸೇನೆಯ ಮೇಲೆ ದೊಡ್ಡ ದಾಳಿಯನ್ನು ಆರಂಭಿಸಿದನು. ಸಮುದ್ರತೀರದ ಬಳಿ ಕಾಲಾಳುಗಳು ಶತ್ರುವಿನ ಸಾಲನ್ನು ಒಡೆದು ದಾರಿ ಮಾಡಿಕೊಟ್ಟ ಕೂಡಲೇ ಅಶ್ವದಳಗಳು ಒಳನುಗ್ಗಿ, ಮರುದಿನವೇ ಶತ್ರುವಿನ ಬೆನ್ನಹಿಂದಿನ ಅಫೂಲಾ, ನಜರೆತ್ ಊರುಗಳನ್ನು ತಲುಪಿದವು. ನಜರೆತ್‌ನಲ್ಲಿದ್ದ ಜರ್ಮನ್ ಸೇನಾಪತಿ ಲಿಮಾನ್ ಫಾನ್ ಸ್ಯಾಂಡರ್ಸ್ ಕೂದಲೆಳೆಯಲ್ಲಿ ತಪ್ಪಿಸಿಕೊಂಡನು. 23ರಂದು ಮೈಸೂರು ಮತ್ತು ಜೋಧಪುರದ ರಾವುತರು ಹೈಫಾದತ್ತ ಹೊರಟಾಗ ದಾರಿಯ ಒಂದು ಪಕ್ಕದಲ್ಲಿ ಕಾರ್ಮೆಲ್ ಬೆಟ್ಟ, ಇನ್ನೊಂದು ಪಕ್ಕದಲ್ಲಿ ಕಿಶೋನ್ ಹೊಳೆಯ ಕೆಸರು. ಬೆಟ್ಟದ ಮೇಲಿನಿಂದ ಫಿರಂಗಿಗಳೂ ಮೆಷಿನ್‌ಗನ್‌ಗಳೂ ಗುಂಡು ಸುರಿಸುತ್ತಿದ್ದವು. ಮೈಸೂರಿನ ಒಂದು ತುಕಡಿ ಆ ಫಿರಂಗಿಗಳನ್ನು ಹಿಡಿಯಲು ಬೆಟ್ಟವನ್ನೇರಿತು. ಮಧ್ಯಾಹ್ನ ಜೋಧಪುರದವರು ಮುಖ್ಯ ದಾಳಿಗೆ ನುಗ್ಗಿದಾಗ, ನಮ್ಮವರು ಗುಂಡಿನ ಆಸರೆ ಕೊಟ್ಟು, ಅನಂತರ ಕುದುರೆಯೇರಿ ಅವರ ಹಿಂದೆಯೇ ಪಟ್ಟಣವನ್ನು ಹೊಕ್ಕರು. ಜೋಧಪುರದ ಮೇಜರ್ ದಲಪತ್ ಸಿಂಗ್ ಆ ದಿನ ಪ್ರಾಣ ಕೊಟ್ಟರು. ಸೆರೆಸಿಕ್ಕ ಶತ್ರುಗಳು ಸುಮಾರು 1,350 ಮಂದಿ, ವಶವಾದ ಫಿರಂಗಿಗಳು 17. ಭರ್ಜಿ ಹಿಡಿದ ಸವಾರರು ಮೆಷಿನ್‌ಗನ್‌ಗಳಿಗೆ ಎದುರಾಗಿ ಒಂದು ಕೋಟೆಪಟ್ಟಣವನ್ನು ಹಗಲಿನಲ್ಲೇ ಗೆದ್ದರು ಎಂಬುದೇ ಸಾಲದೇ ದೊಡ್ಡಪ್ಪ? ಇದಕ್ಕೆ ಮತ್ತೆ ಬಣ್ಣ ಹಚ್ಚುವ ಅಗತ್ಯ ನನಗಂತೂ ಕಾಣುವುದಿಲ್ಲ.

ಆದರೆ ಜರ್ಮನಿಯ ಬೆನ್ನೆಲುಬು ಮುರಿದದ್ದು ಬೇರೆ ಕಡೆ. ಸೆಪ್ಟೆಂಬರ್ 15ರಂದು ಮ್ಯಾಸಿಡೋನಿಯದ ದೋಬ್ರೊ ಪೋಲೆ ಎಂಬ ಬೆಟ್ಟಸೀಮೆಯಲ್ಲಿ, ಮೂರು ವರ್ಷಗಳಿಂದ ತಮ್ಮ ನಾಡನ್ನು ಕಳೆದುಕೊಂಡು ಪರಸ್ಥಳದಲ್ಲಿದ್ದ ಸರ್ಬಿಯದ ಸೈನಿಕರು, ಫ್ರೆಂಚರ ಜೊತೆಗೂಡಿ, ಜರ್ಮನಿಯ ಮಿತ್ರದೇಶವಾದ ಬಲ್ಗೇರಿಯದ ಸಾಲನ್ನು ಭೇದಿಸಿದರು. ನಮ್ಮಲ್ಲಿ ಈ ಯುದ್ಧರಂಗದ ಹೆಸರನ್ನೇ ಯಾರೂ ಎತ್ತುವುದಿಲ್ಲ. ನನಗೆ ಅದು ಬಹಳ ಬೇಸರದ ಸಂಗತಿ. ಏಕೆಂದರೆ ಬರ್ಲಿನ್ನಿನಿಂದ ಇಸ್ತಾಂಬುಲ್ಲಿಗೆ ಹೋಗುವ ರೈಲುದಾರಿ ಬಲ್ಗೇರಿಯದ ಮೂಲಕವೇ ಹಾದುಹೋಗುತ್ತಿತ್ತು. ಆ ದೇಶ ಕೈಬಿಟ್ಟರೆ ತುರ್ಕಿ ಒಂಟಿಯಾಗುತ್ತಿತ್ತು, ಆಸ್ಟ್ರಿಯಾದ ದಕ್ಷಿಣದ ಬಾಗಿಲು ತೆರೆದುಕೊಳ್ಳುತ್ತಿತ್ತು. ಇತ್ತ ಪಶ್ಚಿಮದಲ್ಲಿ, ಫ್ರಾನ್ಸ್ ಮತ್ತು ಬೆಲ್ಜಿಯಮ್ ನೆಲದಲ್ಲಿ, 26ರಂದು ಅಮೆರಿಕನ್ನರೂ ಫ್ರೆಂಚರೂ ಮ್ಯೂಸ್-ಅರ್ಗಾನ್ ಪ್ರದೇಶದಲ್ಲಿ, 27 ಮತ್ತು 28ರಂದು ಬ್ರಿಟಿಷರು, ಕೆನಡಾದವರು, ಬೆಲ್ಜಿಯನ್ನರು ಉತ್ತರದಲ್ಲಿ, ಹೀಗೆ ಜರ್ಮನ್ನರ ಮೇಲೆ ಒಂದರ ಹಿಂದೆ ಒಂದರಂತೆ ದಾಳಿಗಳು ನಡೆದವು.

ನನ್ನನ್ನು ಕೇಳಿದರೆ ಆ ತಿಂಗಳ ಅತಿ ಭಾರವಾದ ದಿನ 29. ಅಂದು ಬಲ್ಗೇರಿಯ ಥೆಸಲೋನಿಕಿಯಲ್ಲಿ ಕದನವಿರಾಮಕ್ಕೆ ಸಹಿ ಹಾಕಿತು. ಅಂದೇ ಬ್ರಿಟಿಷ್ ಸೈನಿಕರು, ಹಡಗುಗಳಿಂದ ತಂದ ಜೀವರಕ್ಷಕ ಪಟ್ಟಿಗಳನ್ನು ಸೊಂಟಕ್ಕೆ ಕಟ್ಟಿಕೊಂಡು, ಸೇಂಟ್ ಕ್ವೆಂಟಿನ್ ಕಾಲುವೆಯನ್ನು ದಾಟಿ ಹಿಂಡೆನ್‌ಬರ್ಗ್ ಸಾಲು ಎಂಬ ಜರ್ಮನ್ನರ ಭದ್ರ ರಕ್ಷಣಾಸಾಲನ್ನು ಒಡೆದರು. ಅದೇ ದಿನ ಬೆಲ್ಜಿಯಮ್ಮಿನ ಸ್ಪಾ ಎಂಬಲ್ಲಿದ್ದ ತಮ್ಮ ಠಾಣ್ಯದಲ್ಲಿ ಜರ್ಮನ್ ಸೇನೆಯ ಮುಖ್ಯಸ್ಥರಾದ ಲುಡೆನ್‌ಡಾರ್ಫ್ ಮತ್ತು ಹಿಂಡೆನ್‌ಬರ್ಗ್ ಇಬ್ಬರೂ ಕೂಡಲೇ ಕದನವಿರಾಮ ಕೇಳಲೇಬೇಕೆಂದು ಜರ್ಮನ್ ಚಕ್ರವರ್ತಿ ಕೈಸರನಿಗೂ ಮಂತ್ರಿಗಳಿಗೂ ತಿಳಿಸಿದರು. ಯುದ್ಧವನ್ನು ನಿಲ್ಲಿಸಿದ ನವೆಂಬರ್ 11ರ ಕದನವಿರಾಮದ ಕಾಗದ ಹುಟ್ಟಿದ್ದು ಅಲ್ಲಿ. ಜಪಾನಿನಲ್ಲಿಯೂ ಅಕ್ಕಿಯ ಬೆಲೆಯೇರಿಕೆಯ ದಂಗೆಗಳಿಂದ ಹಳೆಯ ಸರ್ಕಾರ ಬಿದ್ದು, ಅದೇ 29ರಂದು ಹಾರಾ ತಕಾಶಿ ಪ್ರಧಾನಿಯಾದರು.

ಇನ್ನೊಂದು ಸಂಗತಿಯನ್ನು ಹೇಳದೆ ಮುಗಿಸಲಾರೆ, ಏಕೆಂದರೆ ಅದು ನಮ್ಮ ಮನೆಗಳ ಬಾಗಿಲಿಗೇ ಬಂದದ್ದು. ಇನ್‌ಫ್ಲುಯೆಂಜಾದ ಎರಡನೆಯ, ಮಾರಕವಾದ ಅಲೆ ಏರಿದ್ದು ಇದೇ ಸೆಪ್ಟೆಂಬರಿನಲ್ಲಿ. ಸೈನಿಕರ ಹಡಗುಗಳೂ ಶಿಬಿರಗಳೂ ಅದನ್ನು ಹೊತ್ತು ಹರಡಿದವು. ಅಮೆರಿಕದ ಫಿಲಡೆಲ್ಫಿಯದಲ್ಲಿ 28ರಂದು, ಯುದ್ಧದ ಖರ್ಚಿಗೆ ಜನರಿಂದ ಸಾಲ ಎತ್ತುವ ಪ್ರಚಾರಕ್ಕೆಂದು ಮೆರವಣಿಗೆ ನಡೆಸಿದ ಮೇಲೆ ಕೆಲವೇ ದಿನಗಳಲ್ಲಿ ಆಸ್ಪತ್ರೆಗಳು ತುಂಬಿಹೋದವು. ಮುಂಬಯಿಯಲ್ಲಿಯೂ ಅದೇ ತಿಂಗಳು ಸಾವುಗಳು ಏರಿದವು. ಅಲ್ಲಿಂದ ರೈಲುಗಳ ಮೂಲಕ ಒಳನಾಡಿಗೆ ಇಳಿದ ರೋಗ ಮೈಸೂರು ಸಂಸ್ಥಾನವನ್ನೂ ಬಿಡಲಿಲ್ಲ. ಆ ವರ್ಷ ಮುಂಗಾರು ಕೈಕೊಟ್ಟಿತ್ತು, ಧಾನ್ಯ ತುಟ್ಟಿಯಾಗಿತ್ತು, ಹೊಟ್ಟೆಗಿಲ್ಲದ ಮೈಗಳಿಗೆ ಜ್ವರ ತಾಳುವ ಶಕ್ತಿ ಎಲ್ಲಿಂದ ಬರಬೇಕು? ಭಾರತವೊಂದರಲ್ಲೇ ಸತ್ತವರು ಒಂದು ಕೋಟಿಗೂ ಹೆಚ್ಚು ಎಂಬುದು ವಿದ್ವಾಂಸರ ಅಂದಾಜು. ಹೈಫಾದ ಕಾಳಗದಲ್ಲಿ ಎರಡೂ ದಳಗಳಿಂದ ಮಡಿದವರು 8 ಮಂದಿ.

ಆದ್ದರಿಂದ ದೊಡ್ಡಪ್ಪ, ಆ ಸಂದೇಶವನ್ನು ಬೇರೆಯವರಿಗೆ ಕಳುಹಿಸುವ ಮುನ್ನ, ಯುದ್ಧ ಇದರಿಂದಲೇ ಮುಗಿಯಿತು ಎಂಬ ಸಾಲನ್ನು ತೆಗೆದು, ಜೋಧಪುರದವರ ಹೆಸರನ್ನೂ ಸೇರಿಸಿ. ಬೆಂಗಳೂರಿನಲ್ಲಿರುವ ಮಕ್ಕಳು ಜೆ.ಸಿ. ನಗರದ ಕಡೆ ಹೋದಾಗ ಮೈಸೂರು ಲ್ಯಾನ್ಸರ್ಸ್ ಸ್ಮಾರಕವನ್ನು ತಪ್ಪದೆ ನೋಡಿ, ಅದರ ಚಿತ್ರ ತೆಗೆದು ಇಲ್ಲಿ ಹಾಕಬೇಕೆಂದು ಕೇಳಿಕೊಳ್ಳುತ್ತೇನೆ.