ಮನೆಯ ಇಂಟರ್ನೆಟ್ ಬಳಕೆ ಮತ್ತು ಪರಿಸರ: ಪಿಎಚ್‌ಡಿಗೆ ಏನನ್ನು ಅಳೆಯಬೇಕು?

ಸೇಡಂ ಹುಡುಗಿ

ಎಲ್ಲರಿಗೂ ನಮಸ್ಕಾರ. ಕಲಬುರಗಿಯಲ್ಲಿ ಸಮಾಜಶಾಸ್ತ್ರದಲ್ಲಿ ಪಿಎಚ್‌ಡಿ ಮಾಡುತ್ತಿದ್ದೇನೆ. ವಿಷಯ, ಕುಟುಂಬದ ಇಂಟರ್ನೆಟ್ ಬಳಕೆ ಮತ್ತು ಪರಿಸರ. ಕೋರ್ಸ್‌ವರ್ಕ್ ಮುಗಿದಿದೆ, ಈಗ ಸಿನಾಪ್ಸಿಸ್ ಬರೆಯಬೇಕು. ಓದಿದಷ್ಟೂ ವಿಷಯ ಹರಡಿಕೊಳ್ಳುತ್ತಾ ಹೋಗುತ್ತಿದೆ.

ಒಂದು ಕಡೆ ಮನಃಶಾಸ್ತ್ರಜ್ಞ ಬ್ರಾನ್‌ಫೆನ್‌ಬ್ರೆನರ್ 1979ರಲ್ಲಿ ಕೊಟ್ಟ ಚೌಕಟ್ಟು ಇದೆ. ಮಗುವಿನ ಸುತ್ತ ಮನೆ, ಶಾಲೆ, ಓಣಿ, ಆಮೇಲೆ ಅಪ್ಪ ಅಮ್ಮ ದುಡಿಯುವ ಜಾಗ, ಅದರಾಚೆ ಸರ್ಕಾರ, ಸಮಾಜದ ನಂಬಿಕೆ, ಹೀಗೆ ಸುತ್ತು ಸುತ್ತಾಗಿ ನೋಡುವ ಕ್ರಮ. 2008ರಲ್ಲಿ ಜಾನ್ಸನ್ ಮತ್ತು ಪುಪ್ಲಾಂಪು ಅನ್ನೋ ಇಬ್ಬರು ಅದರ ಒಳಸುತ್ತಿಗೆ ಫೋನು, ಕಂಪ್ಯೂಟರು, ಇಂಟರ್ನೆಟ್ಟನ್ನೂ ಸೇರಿಸಿದರು. ಇನ್ನೊಂದು ಕಡೆ ಕರೆಂಟು, ಇ-ತ್ಯಾಜ್ಯ, ಇಂಗಾಲದ ಲೆಕ್ಕ ಮಾಡುವ ಸಂಶೋಧನೆ ಇದೆ. ಎರಡನ್ನೂ ಒಂದೇ ಪ್ರಬಂಧದಲ್ಲಿ ಕೂಡಿಸೋದು ಹೇಗೆ ಅಂತ ಗೊತ್ತಾಗುತ್ತಿಲ್ಲ.

ಸೀನಿಯರ್‌ಗಳು ಹೇಳುವ ದಾರಿ ಸುಲಭವಾಗಿದೆ. ಡನ್ಲಾಪ್ ಮತ್ತು ವ್ಯಾನ್ ಲಿಯರ್ ಅವರ ಪರಿಸರ ಮನೋಭಾವದ 15 ಪ್ರಶ್ನೆ ತಗೋ, ದಿನಕ್ಕೆ ಎಷ್ಟು ತಾಸು ಇಂಟರ್ನೆಟ್ ಬಳಸುತ್ತೀರಿ ಅಂತ ಒಂದು ಪ್ರಶ್ನೆ ಸೇರಿಸು, ಗೂಗಲ್ ಫಾರ್ಮ್ ಮಾಡಿ ವಾಟ್ಸಾಪ್‌ನಲ್ಲಿ ಬಿಡು, 384 ಜನ ಆದರೆ ಸಾಕು ಅನ್ನುತ್ತಾರೆ. ನನಗೆ ಮನಸ್ಸು ಒಪ್ಪುತ್ತಿಲ್ಲ. ಫೋನೇ ಇಲ್ಲದ ಅತ್ತೆ, ಸೊಸೆಯ ಫೋನಿನಲ್ಲಿ ಮೊಮ್ಮಗನ ಜೊತೆ ವಿಡಿಯೋ ನೋಡುವ ಅಜ್ಜ, ಇವರ್‍ಯಾರೂ ಆ ಫಾರ್ಮ್‌ನಲ್ಲಿ ಸಿಗೋದಿಲ್ಲ ಅಲ್ವಾ?

ಹಾಗಾಗಿ ತಿಳಿದವರು ಹೇಳಿ. ಒಂದು ಮನೆಯ ಇಂಟರ್ನೆಟ್‌ಗೆ ನಿಜವಾಗಿ ಎಷ್ಟು ಕರೆಂಟು ಹೋಗುತ್ತದೆ? ಲೆಕ್ಕಕ್ಕೆ ಮನೆಯನ್ನು ಹಿಡಿಯಬೇಕಾ, ವ್ಯಕ್ತಿಯನ್ನು ಹಿಡಿಯಬೇಕಾ? ನಮ್ಮ ಭಾಗಕ್ಕೆ ಒಪ್ಪುವ ಪರಿಸರದ ಪ್ರಶ್ನೆ ಯಾವುದು?

ಬೀದರ್ ಲೈನ್

ತಂಗಿ, ಕರೆಂಟಿನ ಲೆಕ್ಕ ನಾನು ಹೇಳುತ್ತೇನೆ, ಅದೇ ನನ್ನ ಕೆಲಸ.

5000 ಎಂಎಎಚ್ ಬ್ಯಾಟರಿಯ ಫೋನನ್ನು ಖಾಲಿಯಿಂದ ಪೂರ್ತಿ ತುಂಬಿಸಿದರೆ ಸುಮಾರು 19 ವ್ಯಾಟ್-ಅವರ್. ಚಾರ್ಜರ್‌ನಲ್ಲಿ ಪೋಲಾಗೋದನ್ನೂ ಸೇರಿಸಿ 25 ಅಂತ ಹಿಡಿಯಿರಿ. ದಿನಾ ಒಂದು ಸಲ ತುಂಬಿಸಿದರೆ ವರ್ಷಕ್ಕೆ 9 ಯೂನಿಟ್. ಮನೆಯಲ್ಲಿ 4 ಫೋನ್ ಇದ್ದರೆ 36. ಅದೇ ಗೋಡೆಗೆ ನೇತು ಹಾಕಿದ ವೈಫೈ ಡಬ್ಬಿ 10 ವ್ಯಾಟಿನದಾದರೂ ಹಗಲು ರಾತ್ರಿ ಉರಿಯುತ್ತದಲ್ಲ, ಅದಕ್ಕೆ ವರ್ಷಕ್ಕೆ ಹತ್ತಿರ ಹತ್ತಿರ 88 ಯೂನಿಟ್. ಈಗ ಕೂಲರ್ ನೋಡಿ. 180 ವ್ಯಾಟಿನ ಕೂಲರ್ ದಿನಕ್ಕೆ 10 ತಾಸು, ಬೇಸಿಗೆಯ 3 ತಿಂಗಳು ಓಡಿದರೆ 160 ಯೂನಿಟ್ ದಾಟುತ್ತದೆ. ಅಂದರೆ ನಮ್ಮ ಬಿಸಿಲಲ್ಲಿ ಒಂದು ಕೂಲರ್, ಮನೆಯ ಎಲ್ಲಾ ಫೋನು ಮತ್ತು ವೈಫೈ ಸೇರಿದರೂ ಅದಕ್ಕಿಂತ ಜಾಸ್ತಿ ಎಳೆಯುತ್ತದೆ.

ಹೊರಗಿನ ಡೇಟಾ ಸೆಂಟರ್, ಟವರ್ ಲೆಕ್ಕಕ್ಕೆ ಬಂದರೆ ಹುಷಾರಾಗಿರಿ. ಅರ್ಧ ತಾಸು ವಿಡಿಯೋ ನೋಡಿದರೆ 1.6 ಕಿಲೋ ಇಂಗಾಲದ ಡೈಆಕ್ಸೈಡ್ ಅಂತ 2019ರಲ್ಲಿ ಒಂದು ಸಂಖ್ಯೆ ಎಲ್ಲಾ ಕಡೆ ಓಡಾಡಿತು. ಫ್ರಾನ್ಸಿನ ಶಿಫ್ಟ್ ಪ್ರಾಜೆಕ್ಟ್ ಅನ್ನೋ ಸಂಸ್ಥೆಯವರದು ಅದು. ಬಿಟ್ ಮತ್ತು ಬೈಟ್ (8 ಬಿಟ್ ಸೇರಿದರೆ 1 ಬೈಟ್) ಅದಲು ಬದಲಾಗಿ 8 ಪಟ್ಟು ಏರಿತ್ತು ಅಂತ 2020ರಲ್ಲಿ ಅವರೇ ತಿದ್ದಿದರು. ಅಂತರರಾಷ್ಟ್ರೀಯ ಇಂಧನ ಸಂಸ್ಥೆಯ ವಿಶ್ಲೇಷಣೆ ಅದೇ ವರ್ಷ ಒಂದು ತಾಸಿಗೆ ಸುಮಾರು 36 ಗ್ರಾಂ ಅಂತ ಹೇಳಿತು. ಅದರಲ್ಲೂ ಕರೆಂಟಿನ ಹೆಚ್ಚಿನ ಪಾಲು ನೋಡುವ ಪರದೆಗೇ ಹೋಗುತ್ತದೆ, ಡೇಟಾ ಸೆಂಟರ್‌ದು ಸಣ್ಣ ಪಾಲು. 50 ಇಂಚಿನ ಟಿವಿ ಫೋನಿಗಿಂತ ಸುಮಾರು 100 ಪಟ್ಟು ತಿನ್ನುತ್ತದೆ. ಹಳೆಯ ಸಂಖ್ಯೆ ಇವತ್ತಿಗೂ ಪ್ರಬಂಧಗಳಲ್ಲಿ ಕಾಣಿಸುತ್ತದೆ, ದಯವಿಟ್ಟು ಅದನ್ನು ಎತ್ತಿಕೊಳ್ಳಬೇಡಿ. ಎಷ್ಟು ಜಿಬಿ ಬಳಸುತ್ತೀರಿ ಅನ್ನೋದಕ್ಕಿಂತ ಯಾವ ಪರದೆಯಲ್ಲಿ ನೋಡುತ್ತೀರಿ ಅನ್ನೋದೇ ಮುಖ್ಯ ಪ್ರಶ್ನೆ.

ಯೂನಿಟ್‌ನಿಂದ ಇಂಗಾಲಕ್ಕೆ ಬರಬೇಕಾದರೆ ದೇಶದ ಗ್ರಿಡ್ ಸರಾಸರಿ ಹಿಡಿಯಿರಿ, ಯೂನಿಟ್‌ಗೆ ಸುಮಾರು 0.7 ಕಿಲೋ. ರಾಯಚೂರಿನ ಶಕ್ತಿನಗರದ 1720 ಮೆಗಾವ್ಯಾಟ್ ಕಲ್ಲಿದ್ದಲು ಸ್ಥಾವರ ನಮಗೆ ಹತ್ತಿರ ಇದೆ ಅಂತ ಅದರದ್ದೇ ಲೆಕ್ಕ ಹಾಕಲು ಬರೋದಿಲ್ಲ. ಗ್ರಿಡ್‌ನಲ್ಲಿ ಪಾವಗಡದ ಸೋಲಾರ್ ಕೂಡ ಬೆರೆತಿರುತ್ತದೆ.

ಇನ್ನೊಂದು ಮಾತು. ಮನೆಯವರನ್ನು ಎಷ್ಟು ಯೂನಿಟ್ ಬರುತ್ತದೆ ಅಂತ ಕೇಳಬೇಡಿ, ಬಿಲ್ ತೋರಿಸಿ ಅನ್ನಿ. 2023ರಲ್ಲಿ ಗೃಹಜ್ಯೋತಿ ಬಂದ ಮೇಲೆ ಬಹಳ ಮನೆಗಳಲ್ಲಿ ಕಟ್ಟುವ ದುಡ್ಡು ಸೊನ್ನೆ, ಹೀಗಾಗಿ ಯೂನಿಟ್ ಎಷ್ಟು ಅಂತ ಯಾರೂ ನೋಡೋದಿಲ್ಲ. ಆದರೆ ಬಿಲ್‌ನಲ್ಲಿ ಪ್ರತಿ ತಿಂಗಳ ಬಳಕೆ ಅಚ್ಚಾಗಿಯೇ ಇರುತ್ತದೆ.

ಆಳಂದದ ತೊಗರಿ

ಕೂಲರ್ ಲೆಕ್ಕ ಚೆನ್ನಾಗಿದೆ ಅಣ್ಣಾವ್ರೇ, ಆದರೆ ಇಂಟರ್ನೆಟ್ ಪರಿಸರಕ್ಕೆ ಮಾಡುವ ದೊಡ್ಡ ಕೆಲಸ ಪ್ಲಗ್ಗಿನಲ್ಲಿ ಇಲ್ಲ, ಹೊಲದಲ್ಲಿ ಇದೆ.

ನಮ್ಮಲ್ಲಿ ತೊಗರಿಗೆ ಕಾಯಿಕೊರಕ ಬಿದ್ದಾಗ ಮೊದಲೆಲ್ಲ ಗಿಡ ಅಲ್ಲಾಡಿಸಿ ಹುಳ ಬೀಳಿಸುತ್ತಿದ್ದರು. ಸಾಲಿನ ನಡುವೆ ತಾಡಪಾಲೋ ಹಳೆ ಚಾದರವೋ ಎಳೆದುಕೊಂಡು ಹೋಗೋದು, ಇಬ್ಬರು ಗಿಡ ಬಗ್ಗಿಸಿ ಮೆಲ್ಲಗೆ ಒದರೋದು, ದಪ್ಪ ಹಸಿರು ಹುಳಗಳು ಪಟಪಟ ಉದುರುತ್ತಿದ್ದವು. ಅವನ್ನು ಕೋಳಿ ಆರಿಸಿ ತಿನ್ನುತ್ತಿದ್ದವು. ಈ ಕೆಲಸ ಹೆಚ್ಚಾಗಿ ಹೆಣ್ಣುಮಕ್ಕಳದು. ಯಾವ ಹೊತ್ತಿಗೆ ಒದರಬೇಕು, ಹುಳ ಎಷ್ಟು ದೊಡ್ಡದಾದಾಗ ಒದರಬೇಕು ಅನ್ನೋದು ಅವ್ವಂದಿರಿಗೆ ಗೊತ್ತಿತ್ತು. ಈಗ ಮಗ ಫೋನ್ ತೆಗೆದು ಎಲೆಯ ಫೋಟೋ ಗ್ರೂಪಿಗೆ ಹಾಕುತ್ತಾನೆ, ಹತ್ತು ನಿಮಿಷದಲ್ಲಿ ಎಣ್ಣೆಯ, ಅಂದರೆ ಕೀಟನಾಶಕದ, ಹೆಸರು ಬರುತ್ತದೆ, ಸಂಜೆಗೆ ಪಂಪು ಬೆನ್ನಿಗೇರಿರುತ್ತದೆ. ಕೆಲವೊಮ್ಮೆ ಅದು ಸರಿಯಾದ ಎಣ್ಣೆ, ಬೆಳೆ ಉಳಿಯುತ್ತದೆ. ಕೆಲವೊಮ್ಮೆ ಅಲ್ಲ. 2022ರಲ್ಲಿ ನೆಟೆ ರೋಗ ಬಂದು ನಮ್ಮ ಜಿಲ್ಲೆಯ ಹೊಲಗಳು ಒಣಗಿದಾಗ ನೋಡಬೇಕಿತ್ತು. ಅದು ಮಣ್ಣಿನಲ್ಲಿರುವ ಶಿಲೀಂಧ್ರದಿಂದ ಬರೋದು, ನಿಂತ ಬೆಳೆಗೆ ಮೇಲಿಂದ ಹೊಡೆದರೆ ವಾಸಿಯಾಗೋದಿಲ್ಲ. ರೋಗ ತಡೆಯುವ ತಳಿ, ಟ್ರೈಕೋಡರ್ಮಾದಿಂದ ಬೀಜೋಪಚಾರ, ಬೆಳೆ ಬದಲಾವಣೆ, ಇವೇ ದಾರಿ. ಆದರೂ ಜನ ವಿಡಿಯೋ ನೋಡಿ ನೋಡಿ ಹೊಡೆದರು, ದುಡ್ಡೂ ಹೋಯಿತು, ವಿಷವೂ ಮಣ್ಣಿಗೆ ಸೇರಿತು.

ಒಳ್ಳೆಯದೂ ಇದೆ, ಅದನ್ನೂ ಬರೆಯಿರಿ. ಮೇಘದೂತ್ ಆಪ್ ನೋಡಿ ಮಳೆ ಇದೆ ಅಂತ ಗೊತ್ತಾದರೆ ಹೊಡೆಯೋದನ್ನು ಮುಂದೂಡುತ್ತೇವೆ. ದಾಮಿನಿ ಆಪ್ ಸಿಡಿಲಿನ ಎಚ್ಚರಿಕೆ ಕೊಡುತ್ತದೆ, ಹೊಲದಲ್ಲಿದ್ದವರು ಗಿಡದ ಕೆಳಗಿಂದ ಎದ್ದು ಬರುತ್ತಾರೆ.

ಅದಕ್ಕೇ ನಾನು ಹೇಳೋದು ತಂಗಿ, ನೀನು ಕೇಳಬೇಕಾದ್ದು ಮನೆಯಲ್ಲಿ ಫೋನ್ ಯಾರ ಕೈಯಲ್ಲಿದೆ, ಹೊಲದ ನಿರ್ಧಾರ ಯಾರ ಮಾತಿನ ಮೇಲೆ ಆಗುತ್ತದೆ ಅಂತ. ಅವ್ವನ ಕೈಯಿಂದ ಮಗನ ಕೈಗೆ ಆ ಮಾತು ಹೋಗಿದೆಯಾ ಅನ್ನೋದನ್ನು ಯಾರಾದರೂ ಕೂತು ಬರೆಯಬೇಕು.

ಅಂಕಿ ಮೇಷ್ಟ್ರು

ಮೇಲಿನ ಆಳಂದದವರ ಮಾತು ನನಗೆ ಬಹಳ ಹಿಡಿಸಿತು. ಇದಕ್ಕೆ ದೊಡ್ಡ ಸಮೀಕ್ಷೆಯ ಆಧಾರವೂ ಸಿಗುತ್ತದೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ ಒಮ್ಮೆಯಾದರೂ ಇಂಟರ್ನೆಟ್ ಬಳಸಿದ ಹೆಂಗಸರು ಶೇ 33.3, ಗಂಡಸರು ಶೇ 57.1. ಆಮೇಲೆ ಬಳಕೆ ಏರಿದೆ, ಆದರೆ ಒಂದೇ ಸೂರಿನ ಕೆಳಗೆ ಈ ಅಂತರ ಹೇಗೆ ಕಾಣುತ್ತದೆ ಅನ್ನೋದು ನಿಮ್ಮ ಪ್ರಶ್ನೆ ಆಗಬಹುದು. ವಾಟ್ಸಾಪ್‌ನಲ್ಲಿ ಬಿಟ್ಟ ಫಾರ್ಮ್ ಈ ಅಂತರವನ್ನೇ ಅಳಿಸಿ ಹಾಕುತ್ತದೆ. ನಿಮ್ಮ ಮನಸ್ಸು ಒಪ್ಪದೇ ಇದ್ದದ್ದು ಸರಿಯಾಗಿಯೇ ಇದೆ.

ಈಗ 384ರ ವಿಷಯ. ಕ್ರೆಜ್ಸಿ ಮತ್ತು ಮಾರ್ಗನ್ 1970ರಲ್ಲಿ ಕೊಟ್ಟ ಪಟ್ಟಿಯಿಂದ ಬಂದ ಸಂಖ್ಯೆ ಅದು. ಒಬ್ಬೊಬ್ಬರನ್ನೂ ಬೇರೆ ಬೇರೆಯಾಗಿ, ಚೀಟಿ ಎತ್ತಿದ ಹಾಗೆ ಆರಿಸಿದರೆ ಮಾತ್ರ ಅದಕ್ಕೆ ಅರ್ಥ. ನೀವು 96 ಮನೆಗೆ ಹೋಗಿ ಮನೆಗೆ 4 ಜನರನ್ನು ಮಾತಾಡಿಸಿದರೆ 384 ಜನ ಆಗುತ್ತಾರೆ ನಿಜ, ಆದರೆ ಒಂದೇ ಮನೆಯವರು ಒಂದೇ ಥರ ಉತ್ತರ ಕೊಡುತ್ತಾರೆ. ಮನೆಯೊಳಗಿನ ಆ ಹೋಲಿಕೆ 0.3 ಇದೆ ಅಂತ ಇಟ್ಟುಕೊಳ್ಳಿ (0 ಅಂದರೆ ಹೋಲಿಕೆಯೇ ಇಲ್ಲ, 1 ಅಂದರೆ ಎಲ್ಲರದೂ ಒಂದೇ ಉತ್ತರ). ಮನೆಯ 4 ಜನರಲ್ಲಿ ಒಬ್ಬರನ್ನು ಕಳೆದರೆ 3, ಆ 3 ಗುಣಿಸು 0.3 ಅನ್ನು ಒಂದಕ್ಕೆ ಕೂಡಿಸಿದರೆ 1.9. 384ನ್ನು 1.9ರಿಂದ ಭಾಗಿಸಿ, 202 ಬರುತ್ತದೆ. ನಿಮ್ಮ ಕೈಯಲ್ಲಿ ನಿಜವಾಗಿ ಇರೋದು ಅಷ್ಟು ಜನರ ಮಾಹಿತಿ. ಹಾಗಾಗಿ ಮನೆಗಳ ಸಂಖ್ಯೆ ಜಾಸ್ತಿ ಮಾಡಿ. ವಿಶ್ಲೇಷಣೆಯಲ್ಲಿ ಮನೆ ಒಂದು ಹಂತ, ವ್ಯಕ್ತಿ ಇನ್ನೊಂದು ಹಂತ ಅಂತ ಇಟ್ಟುಕೊಂಡು ಬಹುಹಂತದ ಮಾದರಿ ಬಳಸಿ. ಮನೆಯಾ ವ್ಯಕ್ತಿಯಾ ಅಂತ ಆರಿಸುವ ತಾಪತ್ರಯವೇ ಇರೋದಿಲ್ಲ.

ಎಷ್ಟು ತಾಸು ಬಳಸುತ್ತೀರಿ ಅಂತ ಬಾಯಿಮಾತಿನಲ್ಲಿ ಕೇಳೋದು ಬಿಡಿ. ಜನ ಹೇಳುವ ಸಮಯಕ್ಕೂ ಫೋನೇ ಬರೆದಿಟ್ಟ ಸಮಯಕ್ಕೂ ಎಷ್ಟು ತಾಳೆ ಆಗುತ್ತದೆ ಅಂತ 2021ರಲ್ಲಿ ಹಲವು ಅಧ್ಯಯನಗಳನ್ನು ಒಟ್ಟಿಗೆ ಹಾಕಿ ನೋಡಿದ್ದಾರೆ, ಸಂಬಂಧ 0.38 ಮಾತ್ರ ಬಂತು, ಪೂರ್ತಿ ತಾಳೆ ಆಗಿದ್ದರೆ 1 ಬರಬೇಕಿತ್ತು. ಆಂಡ್ರಾಯ್ಡ್ ಫೋನಿನ ಸೆಟ್ಟಿಂಗ್ಸ್‌ನಲ್ಲಿ ಡಿಜಿಟಲ್ ವೆಲ್‌ಬೀಯಿಂಗ್ ಅಂತ ಇರುತ್ತದೆ, ಅಲ್ಲಿ ಪ್ರತಿ ದಿನದ ಬಳಕೆ ಸಿಗುತ್ತದೆ. ಮಾಲೀಕರೇ ತೆಗೆದು ಓದಿ ಹೇಳಲಿ, ನೀವು ಫೋನ್ ಮುಟ್ಟಬೇಡಿ. ಒಂದೇ ಫೋನನ್ನು ಮೂವರು ಬಳಸುತ್ತಿದ್ದರೆ ಅದು ಒಟ್ಟು ಲೆಕ್ಕ ಕೊಡುತ್ತದೆ, ಹೀಗಾಗಿ ಯಾವ ಹೊತ್ತಿನಲ್ಲಿ ಯಾರ ಕೈಯಲ್ಲಿ ಅಂತ ಪಕ್ಕದಲ್ಲಿ ಬರೆದುಕೊಳ್ಳಿ. ಮಕ್ಕಳಿದ್ದರೆ ಅಪ್ಪ ಅಮ್ಮನ ಒಪ್ಪಿಗೆ ಬರಹದಲ್ಲಿ ಬೇಕೇ ಬೇಕು.

ಆ 15 ಪ್ರಶ್ನೆಗಳ ಬಗ್ಗೆ ನನಗೆ ಅಷ್ಟು ಭರವಸೆ ಇಲ್ಲ. ಪರಿಸರ ಉಳಿಸಬೇಕಾ ಅಂದರೆ ಯಾರು ಬೇಡ ಅನ್ನುತ್ತಾರೆ? ಎಲ್ಲರೂ ಹೌದು ಅಂದರೆ ಅಳೆಯಲು ಏನೂ ಉಳಿಯೋದಿಲ್ಲ. ಹೋದ ಹಂಗಾಮಿನಲ್ಲಿ ಎಷ್ಟು ಸಲ ಎಣ್ಣೆ ಹೊಡೆದಿರಿ, ಯಾರು ಹೇಳಿದರು ಅಂತ ಕೇಳಿ.

ಸೇಡಂ ಹುಡುಗಿ

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಆಳಂದದ ಅಣ್ಣ ಹೇಳಿದ್ದು ತಲೆಯಲ್ಲಿ ಕೂತುಬಿಟ್ಟಿದೆ. ನಮ್ಮ ದೊಡ್ಡಮ್ಮನ ಹೊಲದಲ್ಲೂ ಹೀಗೇ ನಡೆಯುತ್ತದೆ, ಅದನ್ನು ಸಂಶೋಧನೆಯ ವಿಷಯ ಅಂತ ಯಾರೂ ನನಗೆ ಹೇಳಿರಲಿಲ್ಲ. ವಿಷಯವನ್ನು ಹೀಗೆ ಕಿರಿದು ಮಾಡುತ್ತೇನೆ: ತೊಗರಿ ಬೆಳೆಯುವ ಕುಟುಂಬಗಳಲ್ಲಿ ಇಂಟರ್ನೆಟ್ ಬಂದ ಮೇಲೆ ಕೀಟನಾಶಕ, ನೀರು, ಬೀಜದ ನಿರ್ಧಾರ ಯಾರಿಂದ ಯಾರಿಗೆ ಹೋಯಿತು. ಮನೆ ಒಳಗಿನ ಸುತ್ತು, ಹೊಲ ಮತ್ತು ವಾಟ್ಸಾಪ್ ಗ್ರೂಪ್ ಹೊರಗಿನ ಸುತ್ತು, ಎರಡು ಕಡೆಯ ಸಿದ್ಧಾಂತವೂ ಇಲ್ಲಿ ಕೂಡುತ್ತದೆ. ಕರೆಂಟು ಒಂದು ಸಣ್ಣ ಅಧ್ಯಾಯ ಆಗುತ್ತದೆ. ಇ-ತ್ಯಾಜ್ಯ ಬಿಟ್ಟುಬಿಡಲಾ?

ಸ್ಟೇಷನ್ ರೋಡ್ ರಿಪೇರಿ

ಬಿಡಬೇಡಿ ಅಕ್ಕ. ನಾನು ಯಾದಗಿರಿಯಲ್ಲಿ ಮೊಬೈಲ್ ರಿಪೇರಿ ಮಾಡುತ್ತೇನೆ. ಫೋನಿನ ಇಂಗಾಲದಲ್ಲಿ ಮುಕ್ಕಾಲು ಪಾಲು ಅದನ್ನು ತಯಾರಿಸುವಾಗಲೇ ಆಗಿ ಹೋಗಿರುತ್ತದೆ, ದೊಡ್ಡ ಕಂಪನಿಗಳ ಪರಿಸರ ವರದಿಯಲ್ಲೇ ಇದು ಸಿಗುತ್ತದೆ. ಬೀದರ್ ಅಣ್ಣ ಹೇಳಿದ 9 ಯೂನಿಟ್ ಅಂದರೆ ವರ್ಷಕ್ಕೆ 6 ಕಿಲೋ ಚಿಲ್ಲರೆ ಅಷ್ಟೇ. ಹಾಗಾಗಿ ಒಂದು ಫೋನ್ ಎಷ್ಟು ವರ್ಷ ಬಾಳಿತು, ಬ್ಯಾಟರಿ, ಡಿಸ್‌ಪ್ಲೇ ಹಾಕಿಸಿ ಮುಂದುವರಿಸಿದರಾ, ಅಣ್ಣನಿಂದ ತಮ್ಮನಿಗೆ ಆಮೇಲೆ ಅವ್ವನಿಗೆ ಬಂತಾ ಅಂತ ಕೇಳಿ. ಹೆಂಗಸರ ಕೈಗೆ ಬರೋದು ಹೆಚ್ಚಾಗಿ ಮೂರನೇ ಕೈ ಫೋನು. ಸ್ಟೋರೇಜ್ ತುಂಬಿರುತ್ತದೆ, ಮಳೆ ನೋಡುವ ಆಪ್ ಹಾಕಲೂ ಜಾಗ ಇರೋದಿಲ್ಲ. ನಿಮ್ಮ ಮುಖ್ಯ ಪ್ರಶ್ನೆಗೆ ಇದು ನೇರವಾಗಿ ಸೇರುತ್ತದೆ.

ಸತ್ತ ಫೋನು ಎಲ್ಲಿಗೆ ಹೋಗುತ್ತದೆ ಅಂತಲೂ ನೋಡಿ. ಊರೂರಿಗೆ ಬೈಕಿನಲ್ಲಿ ಬರುವವರು ಹಳೆ ಮೊಬೈಲ್ ತಗೊಂಡು ಪ್ಲಾಸ್ಟಿಕ್ ಬಕೆಟ್ಟೋ ಸ್ಟೀಲ್ ಡಬ್ಬಿಯೋ ಕೊಟ್ಟು ಹೋಗುತ್ತಾರೆ. ಚಾರ್ಜರ್ ವೈರು ಗುಜರಿಗೆ ಹೋಗುತ್ತದೆ, ತಾಮ್ರಕ್ಕಾಗಿ ಸುಡುತ್ತಾರೆ, ಆ ಕಪ್ಪು ಹೊಗೆ ಓಣಿಯೊಳಗೇ ಸುತ್ತುತ್ತದೆ. 2022ರ ಇ-ತ್ಯಾಜ್ಯ ನಿಯಮ 2023ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ, ಮರುಬಳಕೆಯ ಹೊಣೆ ತಯಾರಕರ ಮೇಲೆ ಹಾಕಿದೆ. ಹಳ್ಳಿಯ ಮನೆಯವರಿಗೆ ಇದು ಗೊತ್ತಾ ಅಂತ ಕೇಳಿ ನೋಡಿ. ಜಗತ್ತಿನಲ್ಲೇ 2022ರಲ್ಲಿ 6.2 ಕೋಟಿ ಟನ್ ಇ-ತ್ಯಾಜ್ಯ ಬಂತು, ಅದರಲ್ಲಿ ಸರಿಯಾಗಿ ಸಂಗ್ರಹವಾಗಿ ಮರುಬಳಕೆಗೆ ಹೋಗಿದ್ದಕ್ಕೆ ದಾಖಲೆ ಇರೋದು ಶೇ 22.3ಕ್ಕೆ ಮಾತ್ರ ಅಂತ ವಿಶ್ವಸಂಸ್ಥೆಯ ವರದಿ ಹೇಳುತ್ತದೆ.

ಅಂಕಿ ಮೇಷ್ಟ್ರು

ಫೀಲ್ಡಿಗೆ ಯಾವಾಗ ಇಳಿಯುತ್ತೀರಿ ಅನ್ನೋದನ್ನು ಈಗಲೇ ಯೋಚಿಸಿ. ತೊಗರಿ ರಾಶಿ ಮುಗಿದ ಮೇಲೆ ಹೋದರೆ ಅರ್ಧ ಮನೆಗೆ ಬೀಗ ಬಿದ್ದಿರುತ್ತದೆ, ಜನ ಮುಂಬೈ, ಪುಣೆ, ಹೈದರಾಬಾದ್ ಕಡೆ ಗುಳೆ ಹೋಗಿರುತ್ತಾರೆ. ತೊಗರಿ ಹೂ ಬಿಡುವ ಅಕ್ಟೋಬರ್, ನವೆಂಬರ್‌ನಲ್ಲಿ ಹೋಗಿ. ಎಲ್ಲರೂ ಊರಲ್ಲಿರುತ್ತಾರೆ, ಎಣ್ಣೆ ಹೊಡೆಯುವ ನಿರ್ಧಾರವೂ ಆಗಲೇ ನಡೆಯುತ್ತಿರುತ್ತದೆ. ಗುಳೆ ಹೋದ ಮಗ ಪುಣೆಯಿಂದ ವಿಡಿಯೋ ಕಾಲ್‌ನಲ್ಲಿ ಹೊಲ ನೋಡಿ ಹೇಳಿದರೆ ಅವನನ್ನೂ ಆ ಮನೆಯ ಸದಸ್ಯ ಅಂತಲೇ ಬರೆದುಕೊಳ್ಳಿ.

ಆಳಂದದ ತೊಗರಿ

ಬೆಳಗ್ಗೆ ಹೊತ್ತು ಬರಬೇಡ ತಂಗಿ, ಎಲ್ಲರೂ ಹೊಲದಲ್ಲಿರುತ್ತಾರೆ. ಸಂಜೆ ದೀಪ ಹಚ್ಚಿದ ಮೇಲೆ ಬಾ. ಅವ್ವಂದಿರನ್ನು ಗಂಡಸರ ಮುಂದೆ ಕೇಳಬೇಡ, ಅಡುಗೆಮನೆಯಲ್ಲಿ ರೊಟ್ಟಿ ಬಡಿಯುವಾಗ ಕೂತು ಮಾತಾಡು. ನಮ್ಮ ಊರಿಗೆ ಬರೋದಾದರೆ ಹೇಳು, ಹತ್ತು ಮನೆ ನಾನೇ ತೋರಿಸುತ್ತೇನೆ.